ಮೀಸೆಯ ಮೇಲಿನ ಕ್ರೀಮ್

ಅಪ್ಪನ ಮೀಸೆಯ ತುದಿಯಲ್ಲಿ ಬಿಳಿ ಕ್ರೀಮ್ ಅಂಟಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದ ರಸ್ಕು ಅದನ್ನು ನೋಡಿ ಬೆಚ್ಚಿಬಿದ್ದಳು. ಕಡ್ಡಿಯ ಹಾಗಿದ್ದ ಮಗಳಿಗೆ ಬೇಕರಿ ನಡೆಸುವ ಅಪ್ಪ ಇಟ್ಟ ಹೆಸರು ರಸ್ಕು.

"ಅಪ್ಪಾ, ತಿಂದ್ಯಾ?"

"ಎಲ್ಲಿ ತಿಂದೆ? ರುಚಿ ನೋಡ್ದೆ ಅಷ್ಟೆ."

"ಏನೇನು?"

"ಕೇಕಿನ ಕ್ರೀಮು. ಆಮೇಲೆ ಬನ್ನು ಬೆಂದಿದ್ಯಾ ಅಂತ ನೋಡ್ಬೇಕಲ್ಲ."

"ಚೂರಾ, ಇಡೀದಾ?"

ಅಪ್ಪ ಗೋಡೆ ಗಡಿಯಾರ ನೋಡತೊಡಗಿದ. "ಖಾಲಿ ಹೊಟ್ಟೆ ಕಣೆ. ಚೂರಲ್ಲಿ ನಿಲ್ಲಲಿಲ್ಲ."

ಲಿವರ್ ಪರೀಕ್ಷೆಗೆ ಮುಂಚೆ ಮೂರು ಗಂಟೆ ಏನೂ ತಿನ್ನಬಾರದು ಎಂದು ಡಾಕ್ಟರು ಹೇಳಿದ್ದರು. ಅಪ್ಪನ ಕೈ ತಾನಾಗಿ ಬಾಯಿಗೆ ಹೋಗುತ್ತದೆಂದು ಗೊತ್ತಿದ್ದ ಅಮ್ಮ, ಬೆಳಿಗ್ಗೆಯೇ ರಸ್ಕುವನ್ನು ಕಾವಲಿಗೆ ನಿಲ್ಲಿಸಿದ್ದಳು. ಬೇಕರಿಯಲ್ಲಿ ರಸ್ಕು ಕೇಕಿನ ಡಬ್ಬಕ್ಕೆ ರಿಬ್ಬನ್ ಕಟ್ಟಲು ಆಚೆ ಹೋದಾಗಲೇ ಕೆಲಸ ಕೆಟ್ಟಿತ್ತು.

ಹೋದ ವರ್ಷ ಅಪ್ಪನ ಲಿವರಿನಲ್ಲಿ ಕೊಬ್ಬು ತುಂಬಿ, ಅದು ಗಟ್ಟಿಯಾಗತೊಡಗಿತ್ತು. ಅಂದಿನಿಂದ ಸ್ಕೂಟರ್ ಮೂಲೆ ಸೇರಿತ್ತು. ಅಪ್ಪ ಅಂಗಡಿಗೆ ನಡೆದೇ ಹೋಗುತ್ತಿದ್ದ, ಟೀಗೆ ಸಕ್ಕರೆ ಬಿಟ್ಟಿದ್ದ. ಈ ಸಲ ಮೆಷಿನ್ ತೋರಿಸುವ ಗಟ್ಟಿತನದ ನಂಬರ್ ಇಳಿಯದಿದ್ದರೆ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡಬೇಕಾಗುತ್ತದೆ. ಅಜ್ಜನಿಗೆ ಹಾಗೇ ಮಾಡಿದ್ದರು. ಆಗ ಹೊರಗಿನಿಂದಲೇ ಲಿವರ್ ಅಳೆಯುವ ಈ ಮೆಷಿನ್ ಎಲ್ಲಿತ್ತು? ಸೂಜಿಯ ನಂತರ ಅಜ್ಜ ಗಂಟೆಗಟ್ಟಲೆ ಮಗ್ಗುಲು ಬದಲಿಸದೆ ಮಲಗಿದ್ದನ್ನು ಅಪ್ಪ ಇನ್ನೂ ಮರೆತಿರಲಿಲ್ಲ.

"ಹೇಳಿಬಿಡೋಣ ಅಪ್ಪ."

"ಸುಮ್ನಿರು. ಸಂಜೆಗೆ ಕೇಕ್ ಕೊಡ್ಬೇಕು, ಇಲ್ಲೇ ಕಾಯ್ತಾ ಕೂರೋಕಾಗಲ್ಲ. ಒಂದು ಬನ್ನಿಗೆಲ್ಲ ಮೆಷಿನ್ ಮುನಿಸ್ಕೊಳ್ಳಲ್ಲ."

ಕ್ಲಾಸಿನಲ್ಲಿ ರಸ್ಕುವಿಗೆ ಇನ್ನೊಂದು ಹೆಸರಿತ್ತು: ಚಾಡಿ ಡಬ್ಬಿ. ಹೋಂವರ್ಕ್ ಕಾಪಿ ಹೊಡೆದವರ ಹೆಸರನ್ನು ಟೀಚರಿಗೆ ಹೇಳಿದ್ದಕ್ಕೆ ಸಿಕ್ಕಿದ್ದು. ಇನ್ನು ಯಾರ ಮೇಲೂ ಏನೂ ಹೇಳಲಾರೆ ಎಂದು ಆವತ್ತೇ ಆಣೆ ಹಾಕಿಕೊಂಡಿದ್ದಳು. ಈಗ ಸ್ವಂತ ಅಪ್ಪನ ಮೇಲೆಯೇ ಹೇಳುವುದೇ?

ಟೆಕ್ನಿಷಿಯನ್ ಅಕ್ಕ ಒಳಗೆ ಕರೆದು, ಅಪ್ಪನನ್ನು ಮಲಗಿಸಿ, ಬಲಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿದಳು.

"ಏನೂ ತಿಂದಿಲ್ಲ ತಾನೆ?"

ಅಪ್ಪ ಹೌದೋ ಅಲ್ಲವೋ ತಿಳಿಯದ ಹಾಗೆ ತಲೆಯಾಡಿಸಿದ.

ರಸ್ಕುವಿನ ಕಿವಿ ಬಿಸಿಯಾಯಿತು. "ತಿಂದಿದ್ದಾರೆ ಅಕ್ಕ. ಮೀಸೆ ನೋಡಿ."

ಅಕ್ಕ ನೋಡಿದಳು, ನಕ್ಕಳು, ಜೆಲ್ ಒರೆಸಿದಳು. "ಹೇಳಿದ್ದು ಒಳ್ಳೇದಾಯ್ತು ಪುಟ್ಟ. ತಿಂದ್ರೆ ಲಿವರಿಗೆ ರಕ್ತ ಜಾಸ್ತಿ ಹರಿಯತ್ತೆ. ಇರೋದಕ್ಕಿಂತ ಗಟ್ಟಿ ಅಂತ ಮೆಷಿನ್ ತೋರಿಸ್ಬಹುದು. ಬೇಡದೇ ಇರೋ ಸೂಜಿ ಬೀಳತ್ತೆ. ಮಧ್ಯಾಹ್ನ ಮಾಡೋಣ, ಕಾಯ್ತಾ ಇರಿ."

ಬೆಂಚಿಗೆ ಮರಳಿದ ಅಪ್ಪ ಕರ್ಚೀಫಿನಿಂದ ಮೀಸೆ ಉಜ್ಜಿದ್ದೂ ಉಜ್ಜಿದ್ದೇ. ರಸ್ಕು ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತಳು.

ಮಧ್ಯಾಹ್ನ ಮೆಷಿನ್ ಪಕ್ಕೆಯನ್ನು ಮೆಲ್ಲಗೆ ತಟ್ಟಿತು. ಟಕ್. ಟಕ್.

"ಈ ಏಟು ಅಲೆಯಾಗಿ ಒಳಗೆ ಓಡತ್ತೆ," ಎಂದಳು ಅಕ್ಕ. "ಗಟ್ಟಿ ಲಿವರಲ್ಲಿ ಬೇಗ, ಮೆತ್ತಗಿದ್ರೆ ನಿಧಾನ."

"ನಿನ್ನೆಯ ಬನ್ನು, ಇವತ್ತಿನ ಬನ್ನು ಇದ್ದ ಹಾಗೆ," ಎಂದ ಅಪ್ಪ.

"ಬನ್ನಿನ ಸುದ್ದಿ ಬೇಡ," ಎಂದಳು ರಸ್ಕು.

ಡಾಕ್ಟರು ಸ್ಕ್ರೀನನ್ನು ಅವರ ಕಡೆ ತಿರುಗಿಸಿದರು. "ಹೋದ ವರ್ಷಕ್ಕಿಂತ ಚೆನ್ನಾಗಿ ಇಳಿದಿದೆ. ನಡೆದಿದ್ದು ಫಲ ಕೊಟ್ಟಿದೆ. ಸೂಜಿ ಬೇಡ."

ವಾಪಸ್ ಹೋಗುವಾಗ ದಾರಿಯಲ್ಲಿ ಸಿಕ್ಕ ಟೈಲರಿಗೂ ಸೈಕಲ್ ರಿಪೇರಿಯವನಿಗೂ ಅಪ್ಪನದು ಒಂದೇ ಮಾತು: "ಇವಳು ನನ್ನ ಮಗಳು. ಆಸ್ಪತ್ರೇಲೇ ನನ್ನ ಹಿಡ್ಕೊಟ್ಲು ಕಣ್ರೀ." ಪದಕ ಸಿಕ್ಕವನ ಹಾಗೆ ಎದೆ ಸೆಟೆಸಿದ್ದ. ಹೋದ ವರ್ಷ ಇದೇ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಅಪ್ಪನನ್ನು ಹಿಡಿಯಲು ಈಗ ರಸ್ಕು ಓಡಬೇಕಾಯಿತು. ಓಡುತ್ತ ಓಡುತ್ತ ಅವಳ ಎದೆಯೂ ಉಬ್ಬಿತು.

ಬೇಕರಿಯಲ್ಲಿ ಅಪ್ಪ ಕ್ರೀಮಿನ ಚಮಚ ಎತ್ತಿದ. ಬಾಯಿಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಚಮಚ ಮಗಳ ಕಡೆ ತಿರುಗಿತು.

"ಹೇಗಿದೆ? ಇದ್ದದ್ದು ಇದ್ದ ಹಾಗೆ ಹೇಳು."

ರಸ್ಕು ಚಪ್ಪರಿಸಿದಳು. ಅಪ್ಪನ ಮುಖ ನೋಡಿದಳು. ಈ ಸಲ ಕಿವಿ ಬಿಸಿಯಾಗಲಿಲ್ಲ.

"ಸಕ್ಕರೆ ಜಾಸ್ತಿ ಆಯ್ತು ಅಪ್ಪ."