ಮಣ್ಣಿನಾನೆ ಮತ್ತು ಬಾಗಿಲ ಗೂಟದ ಗಂಟು

ಕೋಳಿ ಕೂಗಿದರೇ ಬೆಳಗು ಎಂದು ನಂಬುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳಾಚೆ ತುಂಬೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಊರಿಗೆಲ್ಲ ನೀರು ತರುತ್ತಿದ್ದುದು ಒಂದು ಮಣ್ಣಿನಾನೆ. ಮಾಂತ್ರಿಕ ಬೂದಿಭುಜಂಗ ಅದು ಹಸಿಯಿರುವಾಗಲೇ ಹೊಟ್ಟೆಯೊಳಗೆ ಅಪ್ಪಣೆ ಉಸುರಿ, ತನ್ನ ಆವಿಗೆಯ ಉರಿಯಲ್ಲಿ ಸುಟ್ಟಿದ್ದ: “ಮೂಡಲ ಹೊಳೆಯ ನೀರು ತಾ, ಅರಮನೆಯ ಕೊಳಕ್ಕೆ ಸುರಿ.”

ಹೊಳೆಯೇನು ಯಾರ ಅಪ್ಪಣೆ ಕೇಳಿ ಹರಿಯುತ್ತದೆಯೇ? ಒಂದು ಮಳೆಗಾಲ ಪಡುವಲಿಗೆ ಹೊರಳಿಬಿಟ್ಟಿತು. ಆನೆ ಮಾತ್ರ ಮೂಡಲಿಗೇ ಹೋಗಿ, ಮರಳು ಹೀರಿ ತಂದು, ಶ್ರದ್ಧೆಯಿಂದ ಕೊಳಕ್ಕೆ ಸುರಿಯಿತು.

“ಒಡೆದು ಹೊಸದಾಗಿ ಸುಡಬೇಕು,” ಎಂದ ಭುಜಂಗ ಅರಮನೆಗೆ ಬಂದು. “ಸುಟ್ಟಾಗಲೆಲ್ಲ ನನಗೊಂದು ದನಿ ಬೇಕು. ಹಿಂದಿನ ಸಲ ರಾಣಿಯದು ಕೊಟ್ಟಿರಿ. ಈ ಸಲ ಕಿರಿಯ ಕುಮಾರಿಯದು.”

ಕಿರಿಯಳು ಪದುಮಲೆ ಮಹಾ ಬಾಯಿಬಡುಕಿ. ಅವಳ ಮಾತೇ ಇಲ್ಲದ ಅರಮನೆಯನ್ನು ಅಕ್ಕ ನಾಗಲೆಗೆ ನೆನೆಯಲೂ ಆಗಲಿಲ್ಲ.

“ಅಲ್ಲಕ್ಕಾ,” ಎಂದು ಸಿಡುಕಿದಳು ಪದುಮಲೆ, “ಮಣ್ಣಿನ ಒಲೆ ಹಾಕುವಾಗ ಇವತ್ತಿನ ಸಾರನ್ನೂ ಒಳಗಿಟ್ಟು ಮೆತ್ತುತ್ತೇವಾ? ಈ ಮಹಾಶಯ ಮಾಡಿದ್ದು ಅದನ್ನೇ!”

ತಂಗಿಯ ಮಾತಿಗೆ ನಾಗಲೆಗೊಂದು ಉಪಾಯ ಹೊಳೆಯಿತು. ಆಮೇಲೆ ಮಾಂತ್ರಿಕನತ್ತ ತಿರುಗಿದಳು.

“ಈ ಸಲ ಅಪ್ಪಣೆ ಉಸುರುವವಳು ನಾನು. ಮತ್ತೆ ಒಡೆಯದೆ ಮೂರು ಬೇರೆ ಕಡೆಯಿಂದ ನೀರು ತರಿಸುತ್ತೇನೆ. ಸೋತರೆ ತಂಗಿಯ ದನಿಯ ಜತೆ ನನ್ನದೂ ನಿನಗೆ. ಗೆದ್ದರೆ ನೀನು ಗಡಿ ದಾಟಬೇಕು.”

“ಎರಡೆರಡು ದನಿ!” ಭುಜಂಗ ತುಟಿ ಸವರಿಕೊಂಡ.

ಹಳೆಯದನ್ನು ಒಡೆದು ಹೊಸದಾಗಿ ಮೆತ್ತಿದ ಹಸಿ ಆನೆಯ ಹೊಟ್ಟೆಗೆ ನಾಗಲೆ ಉಸುರಿದ್ದು ಇಷ್ಟೇ: “ಬಾಗಿಲ ಗೂಟದಲ್ಲಿ ತೂಗುವ ಗಂಟು ಮೂಸು. ಅದರ ಮಣ್ಣು ಎಲ್ಲಿಯದೋ ಅಲ್ಲಿಗೆ ಹೋಗು. ಅಲ್ಲಿ ಹರಿಯುವುದನ್ನು ತಂದು ಕೊಳಕ್ಕೆ ಸುರಿ.”

ಆನೆ ಬೆಂದು ಬಂದ ಮೊದಲ ದಿನ ಅರಮನೆಯ ಬೀದಿ ಬಾಗಿಲ ಗೂಟಕ್ಕೆ ಪಡುವಲ ಹೊಳೆಯ ಮಣ್ಣು ಕಟ್ಟಿದಳು. ಹೊಳೆಯ ನೀರು ಬಂತು. ಎರಡನೆಯ ದಿನ ಹೊಳೆ ಕದಡಿತ್ತು; ಬೆಟ್ಟದಲ್ಲಿ ಉಕ್ಕುವ ಊಟೆಯ ಮಣ್ಣು ಕಟ್ಟಿದಳು. ಊಟೆಯ ತಿಳಿನೀರು ಬಂತು. ಮೂರನೆಯ ದಿನ ಕೆರೆಯ ಮಣ್ಣು ಕಟ್ಟಿ, ಆನೆಯನ್ನು ಕರೆತರಲು ಹೋದಳು. ಅಷ್ಟರಲ್ಲಿ ಭುಜಂಗ ಗಂಟು ಬದಲಿಸಿ, ತನ್ನ ಆವಿಗೆಯ ಬೂದಿ ಕಟ್ಟಿದ. ಆನೆ ಉರಿಗೆ ನುಗ್ಗಿ ಸೀಳಿಹೋಗಲಿ ಎಂದು.

ಆನೆ ಮೂಸಿ ಹೊರಟೇಬಿಟ್ಟಿತು.

“ಅಕ್ಕಾ, ಇದು ಬೂದಿ ಕಣೇ!” ಪದುಮಲೆ ಕಿರುಚಿದಳು.

ಇವಳ ಕೂಗು ಕೇಳುವುದು ಇದೇ ಕೊನೆಯೇನೋ ಎಂದು ನಾಗಲೆ ಆನೆಯ ಹಿಂದೆ ಓಡಿದಳು.

ಆದರೆ ಒಮ್ಮೆ ಬೆಂದ ಮಣ್ಣಿಗೆ ಬೆಂಕಿಯ ಭಯವೇ? ಆನೆ ಉರಿ ದಾಟಿ ಒಳಹೊಕ್ಕಿತು. ಅಲ್ಲಿ ಹರಿಯುವಂಥದ್ದು ಒಂದೇ ಇತ್ತು: ಗಡಿಗೆಗಳಲ್ಲಿ ಜೇನಿನಂತೆ ತುಂಬಿಟ್ಟ ದನಿಗಳು. ಎಲ್ಲ ಹೀರಿ ತಂದು ಕೊಳಕ್ಕೆ ಸುರಿಯಿತು. ದನಿಗಳು ತಮ್ಮ ತಮ್ಮ ಗಂಟಲು ಹುಡುಕಿಕೊಂಡು ಹೋದವು. ಇಷ್ಟು ದಿನ ಆ ಕದ್ದ ದನಿಗಳಲ್ಲೇ ಮಂತ್ರ ಹೇಳುತ್ತಿದ್ದ ಭುಜಂಗನ ಬಾಯಿಂದ ಬರೀ ಗಾಳಿ ಬಂತು. ಗಡಿಯ ಕಡೆ ಓಟ ಕಿತ್ತ.

ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ರಾಣಿ ಬಾಯಿ ತೆರೆದಳು. “ಪದುಮೀ, ಒಂದು ಗಳಿಗೆ ಸುಮ್ಮನಿರೇ. ನಾನು ಮಾತಾಡಬೇಕು.”

ನಾಗಲೆಗೆ ನಗುವೂ ಬಂತು, ಅಳುವೂ ಬಂತು.

“ಗಂಟು ಆನೆಯ ಹೊರಗಿರಲಿ, ಸರಿ,” ಎಂದಳು ರಾಣಿ. “ಆದರೆ ಗೂಟ ಬೀದಿಗಿರುವುದು ಬೇಡ.”

ಗೂಟ ಒಳಗಿನ ಅಂಗಳದ ಬಾಗಿಲಿಗೆ ಬಂತು. ಆಮೇಲೆ ಹೊಳೆ ಎಷ್ಟು ಸಲ ಹೊರಳಿದರೂ ಬದಲಾದದ್ದು ಗಂಟು ಮಾತ್ರ. ಆನೆ ಒಡೆಯಲಿಲ್ಲ, ಯಾರ ದನಿಯೂ ಉಡುಗಲಿಲ್ಲ. ತುಂಬೆಗಿರಿಯವರು ತಣ್ಣಗೆ ನೀರು ಕುಡಿದು, ಗಂಟಲು ತುಂಬ ಹರಟುತ್ತ, ಸುಖವಾಗಿದ್ದರು.