ಪೆಟ್ರೋಲ್ ಟ್ಯಾಂಕಿನ ಬೀಗ

ಕಾರಿನ ಹಿಂದಿನ ಸೀಟಿನಲ್ಲಿ ಚಿಕ್ಕಬಸಮ್ಮನ ಹೆಣವಿತ್ತು. ಡ್ರೈವರನನ್ನು ರಸ್ತೆ ಬದಿಯ ಹುಣಸೆ ಮರಕ್ಕೆ ಕಟ್ಟಿಹಾಕಿದ್ದರು. ಎರಡನ್ನೂ ನೋಡಲು ಜನ ಸೇರಿದ್ದರು. ಕೆಲವರು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದರು. ಸಬ್‌ಇನ್ಸ್‌ಪೆಕ್ಟರ್ ಮಂಗಳಗೌರಿ ಅವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಮೊದಲು ಅವನ ಹಗ್ಗ ಬಿಚ್ಚಿ," ಎಂದಳು.

1999ರ ಬೇಸಿಗೆ. ನಂಜನಗೂಡು ಇನ್ನೆರಡೇ ಮೈಲಿ. ಎದೆನೋವೆಂದು ಚಿಕ್ಕಬಸಮ್ಮನನ್ನು ತಿ. ನರಸೀಪುರದಿಂದ ಆಸ್ಪತ್ರೆಗೆ ಕರೆತರುತ್ತಿದ್ದರು. ಅಂಬಾಸಿಡರ್ ದಾರಿಯಲ್ಲಿ ಮತ್ತೆ ಮತ್ತೆ ನಿಂತಿತು. ಕೊನೆಯ ಸಲ ನಿಂತಾಗ ಮುದುಕಿಯ ಉಸಿರೂ ನಿಂತಿತು.

"ಇವನೇ ಕೊಂದಿದ್ದು ಮೇಡಂ," ಎಂದ ಮಗ ಅಮೃತೇಶ್. ಕಾರು ಅವನದು. "ಕೆಲ್ಸ ಬಿಡು ಅಂದಿದ್ದೆ. ಆ ಸಿಟ್ಟಿಗೆ ಬೇಕಂತ್ಲೇ ಗಾಡಿ ನಿಲ್ಸಿದಾನೆ."

"ಯಾಕೆ ಬಿಡು ಅಂದ್ರಿ?"

"ಪೆಟ್ರೋಲ್ ಕದೀತಿದ್ದ."

ಡ್ರೈವರ್ ಚೆಲುವರಾಜುವಿನ ತುಟಿ ಒಡೆದಿತ್ತು. "ನಾನ್ ನಿಲ್ಲುಸ್ನಿಲ್ಲ ಕಣಮ್ಮೋರೆ. ಎಷ್ಟ್ ಒತ್ತುದ್ರೂ ಎಳೀನಿಲ್ಲ. ಬರ್ತಾ ಬರ್ತಾ ಶಕ್ತಿ ಕಳ್ಕಂಡು ನಿಂತೋಯ್ತು. ವಸಿ ಒತ್ತು ಬುಟ್ರೆ ಸ್ಟಾರ್ಟ್ ಆಯ್ತದೆ. ಆಮೇಲೆ ಮತ್ತೆ ಅಂಗೇಯ."

"ಪೆಟ್ರೋಲ್ ಮುಗಿದಿರ್ಬೇಕು ಮೇಡಂ," ಎಂದ ಪೇದೆ ಹುಚ್ಚಯ್ಯ.

ಅಮೃತೇಶನಿಗೆ ರೇಗಿತು. "ನಿನ್ನೆ ನಾನೇ ಎದುರಿಗೆ ನಿಂತು ಫುಲ್ ಮಾಡ್ಸಿದೀನಿ."

ಟ್ಯಾಂಕಿನ ಮುಚ್ಚಳಕ್ಕೆ ಬೀಗವಿತ್ತು. ಕೀಲಿ ಅವನ ಉಡುದಾರದಲ್ಲಿತ್ತು. ಮರೆಗೆ ತಿರುಗಿ ಬಿಚ್ಚಿಕೊಂಡು ಬಂದು ಮುಚ್ಚಳ ತೆಗೆದ. ಬುಸ್ ಎಂದಿತು. ಕಡ್ಡಿ ಇಳಿಸಿದರೆ ಮೇಲಿನವರೆಗೂ ಪೆಟ್ರೋಲ್. ಅಮೃತೇಶ್ ಅರೆಕ್ಷಣ ಮುಚ್ಚಳವನ್ನೇ ನೋಡಿದ. ಮತ್ತೆ ಬೀಗ ಹಾಕಿದ. ನೇರ ಹೋಗಿ ಚೆಲುವರಾಜುವಿನ ಕೆನ್ನೆಗೆ ಇನ್ನೊಂದು ಬಿಟ್ಟ. "ನಮ್ಮವ್ವನ್ನ ತಿಂದ್ಕಂಡ್ಯಲ್ಲೋ."

ಹೆಣವನ್ನು ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಹುಚ್ಚಯ್ಯ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದ. ಒಂದೇ ಏಟಿಗೆ ಹೊತ್ತಿಕೊಂಡಿತು. ಠಾಣೆಯವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಚೆಲುವರಾಜು ಲಾಕಪ್ಪಿಗೆ ಹೋದ.

* * *

ಕಾರಿನ ಪ್ಲಗ್ ಸರಿಯಿತ್ತು. ಪಾಯಿಂಟ್ ಸರಿಯಿತ್ತು. ಸೀಮೆಎಣ್ಣೆ ಬೆರೆಸಿರಬಹುದೆಂದು ಹುಚ್ಚಯ್ಯ ಕಾರ್ಬೊರೇಟರಿನಿಂದ ಒಂದಿಷ್ಟು ಹಿಡಿದು ಮೂಸಿದ. ಚೊಕ್ಕ ಪೆಟ್ರೋಲ್.

"ಗಾಡೀಲಿ ಏನೂ ಇಲ್ಲ ಮೇಡಂ. ಇವನೇ ಸುಳ್ಳ. ಕೊಲೆ ಕೇಸ್ ಬರ್ದುಬುಡನ."

ಬರೆದರೆ ಚೆಲುವರಾಜು ಜೈಲಿಗೆ. ಅವನ ಹೆಂಡತಿ ರಾಣಿ ಬೆಳಗಿನಿಂದ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮಂಗಳಗೌರಿ ಲಾಕಪ್ಪಿನ ಮುಂದೆ ನಿಂತಳು.

"ಗಾಡಿ ನಿಂತಾಗ ಏನು ಮಾಡ್ದೆ?"

"ಬಾನೆಟ್ ಎತ್ತಿ ನೋಡ್ದೆ. ಟ್ಯಾಂಕ್ ನೋಡ್ತೀನಿ, ಕೀಲಿ ಕೊಡಿ ಸಾ ಅಂದೆ. ಇಂತಾ ವೊತ್ನಲ್ಲೂ ಕದಿಯಕ್ ನೋಡ್ತೀಯಾ ಅಂದ್ರು."

"ಕೊಡಲಿಲ್ವಾ?"

"ಇಲ್ಲ. ಅಮ್ಮಾವ್ರು ಇಂದ್ಗಡೆ ಉಸ್ರು ಎಳೀತಿದ್ರು."

ಸಂಜೆ ಮನೆಯಲ್ಲಿ ಮಂಗಳಗೌರಿ ಹೊಸ ಎಣ್ಣೆ ಡಬ್ಬಕ್ಕೆ ತೂತು ಹೊಡೆದಳು. ಬಗ್ಗಿಸಿದಳು. ಎಣ್ಣೆ ಒಂದಿಷ್ಟು ಬಿದ್ದು ನಿಂತಿತು. ಎಂದಿನಂತೆ ಎದುರು ಮೂಲೆಗೆ, ಗಾಳಿಯಾಡಲು, ಇನ್ನೊಂದು ತೂತು ಹೊಡೆದಳು. ಎಣ್ಣೆ ಸರಾಗವಾಗಿ ಇಳಿಯಿತು.

ಸುತ್ತಿಗೆ ಕೈಯಲ್ಲೇ ಉಳಿಯಿತು. ಕೆಟ್ಟು ನಿಂತಿದ್ದ ಕಾರಿಗೆ ತಾವು ಮಾಡಿದ್ದೇನು? ಏನೂ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದ್ದರು, ಅಷ್ಟೇ.

* * *

ಬೆಳಿಗ್ಗೆ ಕೀಲಿಗೆ ಹೇಳಿಕಳಿಸಿದಳು. ಕೀಲಿ ಎಲ್ಲೋ ಬಿದ್ದುಹೋಗಿದೆ ಎಂದು ಅಮೃತೇಶನಿಂದ ಉತ್ತರ ಬಂತು. ಮಂಗಳಗೌರಿ ಸುತ್ತಿಗೆಯನ್ನೇ ಆ ಅಂಬಾಸಿಡರಿಗೆ ಹಾಕಿಕೊಂಡಳು. ಹುಚ್ಚಯ್ಯನನ್ನು ಕೂರಿಸಿಕೊಂಡು ತಿ. ನರಸೀಪುರದ ಕಡೆ ತಾನೇ ಓಡಿಸಿದಳು.

ಸುತ್ತೂರು ದಾಟಿದ ಮೇಲೆ ಕಾರು ಸೊರಗಿತು. ಆಕ್ಸಿಲರೇಟರ್ ತಳ ಮುಟ್ಟಿದರೂ ಎಳೆಯಲಿಲ್ಲ. ಹುಲ್ಲಿನ ಹೊರೆ ಕಟ್ಟಿಕೊಂಡ ಸೈಕಲ್ಲೊಂದು ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಕಾರು ನಿಂತಿತು.

"ಬೀಗ ಒಡಿ," ಎಂದಳು.

ಹುಚ್ಚಯ್ಯ ಒಡೆದ. ಮುಚ್ಚಳ ಸಡಿಲವಾದದ್ದೇ ತಡ, ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಮಂಗಳಗೌರಿ ಸ್ಟಾರ್ಟ್ ಮಾಡಿದಳು. ಹೊತ್ತಿಕೊಂಡಿತು.

ಮುಚ್ಚಳವನ್ನು ಮಗುಚಿ ನೋಡಿದಳು. ಗಾಳಿಯಾಡಲು ಬಿಟ್ಟಿದ್ದ ಸಣ್ಣ ತೂತಿಗೆ ಯಾರೋ ಒಳಗಿನಿಂದ ಎಂಸೀಲ್ ಅಂಟು ಮೆತ್ತಿದ್ದರು.

* * *

ತಾಯಿಯನ್ನು ಮಣ್ಣು ಮಾಡಿದ ಮಾರನೆಯ ದಿನವೇ ಅಮೃತೇಶ್ ಠಾಣೆಗೆ ಬಂದ, ಕಾರು ಬಿಡಿಸಿಕೊಳ್ಳಲು. ಮಂಗಳಗೌರಿ ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

"ಇದನ್ನ ಯಾರು ಮುಚ್ಚಿದ್ದು?"

"ಡ್ರೈವರನ್ನೇ ಕೇಳಿ."

"ಮೆತ್ತಿರೋದು ಒಳಗಡೆಯಿಂದ. ಬೀಗ ತೆಗೀದೆ ಆಗಲ್ಲ. ಕೀಲಿ ಅವನ ಕೈಗೆ ನೀವು ಯಾವತ್ತೂ ಕೊಟ್ಟಿಲ್ಲ."

ಅಮೃತೇಶ್ ಹಣೆ ಒರೆಸಿಕೊಂಡ. "ಆವಿಯಾಗಿ ಹೋಗ್ತಿತ್ತು ಮೇಡಂ. ಪೆಟ್ರೋಲ್ ಸುಮ್ನೆ ಪೋಲಾಗ್ತದೆ ಅಂತ, ಫುಲ್ ಮಾಡ್ಸಿದ ದಿನ..."

ಮಂಗಳಗೌರಿಗೆ ಅವನ ಮುಖ ನೋಡಲೇ ಹೇಸಿಗೆಯಾಯಿತು. ಹುಚ್ಚಯ್ಯನ ಕಡೆ ತಿರುಗಿ ಹೇಳಿದಳು. "ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಇಂಜಿನ್‌ಗೆ ಪೆಟ್ರೋಲ್ ಇಳಿಯಲ್ಲ. ನಿಲ್ಲಿಸಿ ಬಿಟ್ಟರೆ ಸಂದಿಯಲ್ಲಿ ಒಂಚೂರು ಗಾಳಿ ಸೇರಿಕೊಳ್ಳುತ್ತೆ, ಮತ್ತೆ ಸ್ವಲ್ಪ ದೂರ ಓಡುತ್ತೆ. ಅವತ್ತು ಮುಚ್ಚಳ ತೆಗೆದು ರಿಪೇರಿ ಮಾಡಿದ್ದು ನಾವೇ. ಮಾಡಿ, ಚೆಲುವರಾಜುನ ಸುಳ್ಳ ಅಂದ್ವಿ."

"ನಂಗೇನ್ ಗೊತ್ತು ಮೇಡಂ? ಅವ್ಳು ನಮ್ಮವ್ವ. ನಾನ್ ಸಾಯಿಸ್ತೀನಾ?"

"ತೂತು ಮುಚ್ಚಿದಾಗ ಗೊತ್ತಿರಲಿಲ್ಲ, ಒಪ್ಪಿದೆ. ಬುಸ್ ಅಂದಾಗ ಗೊತ್ತಾಯ್ತು. ಅದಕ್ಕೇ ಕೀಲಿ ಕಳೆದುಹೋಯ್ತು."

"ನಿಜವಾಗ್ಲೂ ಕಳ್ದೋಗಿದೆ."

"ಹುಚ್ಚಯ್ಯ, ಇವರ ಉಡುದಾರ ನೋಡಿ."

ಕೀಲಿ ಅಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಪಿಲಾ ಹೊಳೆಗೆ ಎಸೆದಿರುತ್ತಿದ್ದರು. ಈ ಮನುಷ್ಯನಿಗೆ ಅದನ್ನೂ ಬಿಸಾಡಲು ಮನಸ್ಸು ಬಂದಿರಲಿಲ್ಲ.

"ಬುಸ್ ಅಂದ ಮೇಲೂ ಹೋಗಿ ಅವನಿಗೆ ಹೊಡೆದ್ರಲ್ಲ," ಎಂದಳು ಮಂಗಳಗೌರಿ. "ಅದು ಯಾಕೆ?"

ಅಮೃತೇಶ್ ಸಡಿಲವಾದ ಉಡುದಾರ ಬಿಗಿದುಕೊಂಡ.

ಲಾಕಪ್ಪಿನಿಂದ ಹೊರಬಂದ ಚೆಲುವರಾಜು ಅವನ ಕಡೆ ತಿರುಗಿಯೂ ನೋಡಲಿಲ್ಲ. "ಅಮ್ಮಾವ್ರ ಮಣ್ಣಾಯ್ತಾ ಮೇಡಮ್ಮೋರೆ?"

"ನಿನ್ನೆ ಆಯ್ತು."

"ಒಂದಿಡಿ ಮಣ್ಣಾಕ್ಬೇಕಿತ್ತು. ನನ್ ಕೈ ಇಡ್ಕಂಡೇ ಪ್ರಾಣ ಬುಟ್ರು."

ಹೆಂಡತಿಯ ಜೊತೆ ಮೆಟ್ಟಿಲಿಳಿದು ಹೋದ. ಅಮೃತೇಶನನ್ನು ಅದೇ ಲಾಕಪ್ಪಿಗೆ ಹಾಕಿ ಹುಚ್ಚಯ್ಯ ಚಿಲಕ ಎಳೆದ.

ಕೀಲಿ ಇನ್ನೂ ಮಂಗಳಗೌರಿಯ ಅಂಗೈಯಲ್ಲಿತ್ತು. ಅವನ ಮೈಯ ಬಿಸಿ ಅದರಲ್ಲಿ ಇನ್ನೂ ಆರಿರಲಿಲ್ಲ. ಅದನ್ನು ಮೇಜಿನ ಮೇಲೆ ಎಸೆದು, ಸೋಪು ಎಲ್ಲಿದೆ ಎಂದು ಕೇಳುತ್ತಾ ಅವಳು ನಲ್ಲಿಯ ಕಡೆ ನಡೆದಳು.