ಚಕ್ರಕ್ಕೊಂದು ಕೈ

ಉಗಿಯಂತ್ರ ನನಗೆ ಮೊದಲ ದಿನವೇ ಅರ್ಥವಾಗಿತ್ತು. ಆದರೂ ಮಡಕಶಿರದ ನಮ್ಮ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಚಂದ್ರಮೋಹನ್ ವಿವರಿಸಿದಾಗಲೆಲ್ಲ, ಕನ್ನಡ ಟೀಚರಾದ ನಾನು ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ ಎನ್ನುತ್ತಿದ್ದೆ. ಹೇಳುವಾಗ ಅವರ ಹುಬ್ಬು ಪಿಸ್ಟನ್ನಿನ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ನೋಡುತ್ತ ಕೂತರೆ ಬೆಲ್ ಹೊಡೆದದ್ದೂ ಕೇಳುತ್ತಿರಲಿಲ್ಲ.

ಪಾಪ, ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದರು. ಲ್ಯಾಬಿನಲ್ಲಿ ಅವರೇ ಕಟ್ಟಿದ ಮಾದರಿಗೆ ಹಳೇ ಕುಕ್ಕರೇ ಬಾಯ್ಲರ್, ಸೈಕಲ್ ಪಂಪೇ ಸಿಲಿಂಡರ್, ಹೊಲಿಗೆ ಮಿಷನ್ನಿನದೊಂದು ಚಕ್ರ. ಉಗಿ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ, ಕವಾಟ ದಾರಿ ಬದಲಿಸಿದರೆ ಹಿಂದಕ್ಕೆ ತಳ್ಳುತ್ತದೆ, ಕ್ರ್ಯಾಂಕು ಎಂಬ ಬಾಗಿದ ಹಿಡಿ ಆ ಓಡಾಟದಿಂದ ಚಕ್ರ ತಿರುಗಿಸುತ್ತದೆ. ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಎದುರಿಗೆ ಕೂತವಳ ಎದೆಯಲ್ಲಿ ಏನು ಕುದಿಯುತ್ತಿದೆ ಎಂದು ಗೊತ್ತಿರಲಿಲ್ಲ.

ಬಂದ ಹೊಸತರಲ್ಲಿ ನಾನೇ ಕಾಡಿ ಬೇಡಿದ್ದ ಟ್ರಾನ್ಸ್‌ಫರ್ ಬೇಡವಾದಾಗ ಬಂತು. ರಾಯದುರ್ಗಕ್ಕೆ, ನಮ್ಮೂರಿಗೇ. ಅವ್ವ ಖುಷಿಯಲ್ಲಿ ಬರುವ ಭಾನುವಾರಕ್ಕೆ ನನ್ನನ್ನು ನೋಡಲು ಗಂಡಿನ ಕಡೆಯವರನ್ನೂ ಕರೆದಿದ್ದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. ಕಾರಣ ಇನ್ನೂ ಬಾಯಿ ಬಿಟ್ಟಿರಲಿಲ್ಲವಲ್ಲ.

ಕೊನೆಯ ದಿನ, ಬಸ್ಸಿಗೆ ಹೊರಡುವ ಮುಂಚೆ ಲ್ಯಾಬಿಗೆ ಹೋಗಿ ಗಂಡಿನ ಕಡೆಯವರು ಬರುವುದನ್ನೂ ಹೇಳಿದೆ. ಒಳ್ಳೆಯದಾಯಿತು ಮೇಡಂ ಎಂದು ಕುಕ್ಕರಿನ ಕೆಳಗಿನ ಒಲೆ ಹಚ್ಚಲು ಬಗ್ಗಿದರು. ಕಡ್ಡಿಯನ್ನು ತಲೆಕೆಳಗಾಗಿ ಹಿಡಿದು ಗೀರುತ್ತಲೇ ಇದ್ದರು. ನಾನೇ ಹಚ್ಚಿದೆ.

ನೀರು ಕುದಿಯಿತು, ಉಗಿ ಬುಸುಗುಟ್ಟಿತು, ಚಕ್ರ ಮಾತ್ರ ಅಲ್ಲಾಡಲಿಲ್ಲ.

"ಯಾಕ ನಿಂತೈತ್ರಿ?"

"ಸ್ಟೀಮ್ ಬೇಕಾದಷ್ಟೈತೆ ಮೇಡಂ. ಆದ್ರೆ ಪಿಸ್ಟನ್ನಿನ ರಾಡು, ಕ್ರ್ಯಾಂಕು ಒಂದೇ ಗೆರೆಗೆ ಬಂದ್ಬಿಟ್ರೆ ಪಿಸ್ಟನ್ನು ಎಷ್ಟು ತಳ್ಳಿದ್ರೂ ತಿರುಗಲ್ಲ. ಡೆಡ್ ಸೆಂಟರ್ ಅಂತಾರೆ." ಅವರು ನನ್ನನ್ನು ನೋಡಲಿಲ್ಲ. "ಯಾರಾದ್ರೂ ಕೈಯಾಗೆ ಒಂದ್ಸಲ ತಿರುಗಿಸಬೇಕು. ಆಮೇಲೆ ಅದೇ ಓಡ್ತೈತೆ."

ಇದೊಂದನ್ನು ಅವರು ಎಂದೂ ಹೇಳಿರಲಿಲ್ಲ. ನಾನು ಬೆರಳಿಟ್ಟು ಚಕ್ರ ನೂಕಿದೆ. ಒಮ್ಮೆ ಮುಗ್ಗರಿಸಿ, ಆಮೇಲೆ ಗರಗರ ತಿರುಗತೊಡಗಿತು.

"ಭಾನುವಾರ ಅವರು ಬರಾಕ ಮೊದ್ಲ, ನಿಮ್ಮ ಅಮ್ಮನ್ನ ಕರ್ಕೊಂಡು ನಮ್ಮನಿಗೆ ಬರ್ರಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರು ಚಕ್ರ ನೋಡಿದರು, ನನ್ನನ್ನು ನೋಡಿದರು. ಮತ್ತೆ ಚಕ್ರವನ್ನೇ ನೋಡಿದರು. ಇನ್ನೇನು ಮಾಡಲಿ? ಬ್ಯಾಗ್ ಎತ್ತಿಕೊಂಡು ಬಾಗಿಲ ತನಕ ಹೋದೆ.

"ಶ್ರೀಲತಾ."

ಮೊದಲ ಸಲ ಅವರ ಕರೆಯಲ್ಲಿ ಮೇಡಂ ಇರಲಿಲ್ಲ.

"ಅಮ್ಮಂಗೆ ಬಸ್ಸಾಗೆ ವಾಂತಿ ಬರ್ತೈತೆ. ಕಾರ್ ಮಾಡ್ಕಂಡ್ ಬರ್ತೀವಿ."

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ರಾಯದುರ್ಗದ ಬಸ್ಸಂತೂ ತಪ್ಪಿತು.